ಹಿಡಿದರೆ ನೂಲು, ಬಿಟ್ಟರೆ ನಾಲಾ

ಟಿಟವಾಳಾದಿಂದ ಹೊರಟ ಬೆಳಗಿನ ಲೋಕಲ್ ಆಂಬಿವಲಿ ಬಿಟ್ಟು ಉಲ್ಲಾಸ್ ನದಿಯ ಸೇತುವೆಗೆ ಬಂದಾಗ, ಬಾಗಿಲ ಕಂಬ ಹಿಡಿದು ತೂಕಡಿಸುವವರಿಗೂ ಶಹಾಡ್ ಹತ್ತಿರವಾದದ್ದು ಗೊತ್ತಾಗುತ್ತದೆ. ಗಾಳಿ ಈ ಕಡೆ ತಿರುಗಿದ ದಿನ ಮೂಗಿಗೆ ಮೊದಲು ಬಡಿಯುವುದು ಗಂಧಕದ ನಾತ. ಕೆಳಗೆ ಜಲಕುಂಭಿ ಮುಚ್ಚಿದ ನೀರು, ದಡದಲ್ಲಿ ಬಟ್ಟೆ ಒಗೆಯುವವರು, ಆಚೆ ಎತ್ತರದ ಚಿಮಣಿಗಳು. ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಒಂದು ಬೆಂಚು, ಹಗಲು ಪಾಳಿಗೆ ಬಂದವರು ಇನ್ನೊಂದು ಬೆಂಚು. ನಡುವೆ ಕಟಿಂಗ್ ಚಹಾ ಹಿಡಿದು ಓಡಾಡುವ ಹುಡುಗ.

ಒಳಗಿರುವುದು ಸೆಂಚುರಿ ರೇಯಾನ್. 1956ರಿಂದ ಇಲ್ಲಿ ಮರದ ತಿರುಳಿನಿಂದ ಹೊಳಪಿನ ನೂಲು ತೆಗೆಯುತ್ತಿದ್ದಾರೆ. ಲಾರಿಗಳಲ್ಲಿ ಬಂದಿಳಿಯುವ ತಿರುಳು ನೋಡಲು ದಪ್ಪ ಬಿಳಿ ರಟ್ಟು. ಮುಟ್ಟಿದರೆ ಒಣ, ಬಗ್ಗಿಸಿದರೆ ಮುರಿಯುತ್ತದೆ. ಅದು ಬಹುಪಾಲು ಸೆಲ್ಯುಲೋಸು. ಸೆಲ್ಯುಲೋಸಿನದು ವಿಚಿತ್ರ ಹಟ. ಕಾಯಿಸಿದರೆ ಕರಗುವುದಿಲ್ಲ, ಸುಟ್ಟು ಇದ್ದಿಲಾಗುತ್ತದೆ. ನೀರಿಗೆ ಹಾಕಿದರೆ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಸಕ್ಕರೆಯಂತಹುದೇ ಗ್ಲೂಕೋಸ್ ಘಟಕಗಳು ಸಾಲಾಗಿ ಪೋಣಿಸಿಕೊಂಡು ಆದದ್ದು ಇದು. ಸಕ್ಕರೆ ನೀರಿನಲ್ಲಿ ಕ್ಷಣದಲ್ಲಿ ಮಾಯವಾಗುವಾಗ ಇದಕ್ಕೇನು ಬಂತು?

ಪ್ರತಿ ಗ್ಲೂಕೋಸ್ ಘಟಕದಲ್ಲೂ 3 ಹೈಡ್ರಾಕ್ಸಿಲ್ ಗುಂಪುಗಳಿವೆ. ಅಂದರೆ ಒಂದು ಆಮ್ಲಜನಕ, ಅದಕ್ಕೆ ಅಂಟಿದ ಒಂದು ಹೈಡ್ರೋಜನ್. ಆಮ್ಲಜನಕ ಇಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಹೈಡ್ರೋಜನ್ ಅರ್ಧ ಬರಿದಾಗಿರುತ್ತದೆ. ಪಕ್ಕದ ಸರಪಳಿಯ ಆಮ್ಲಜನಕದ ಬಳಿ ಬಂಧಕ್ಕೆ ಬಳಸದ ಇಲೆಕ್ಟ್ರಾನ್ ಜೋಡಿಗಳಿರುತ್ತವೆ. ಬರಿದಾದ ಹೈಡ್ರೋಜನ್ ಆ ಜೋಡಿಯ ಕಡೆ ವಾಲುತ್ತದೆ. ವಾಲುವ ಹೈಡ್ರೋಜನನ್ನು ಹೊತ್ತ ಗುಂಪು ದಾನಿ. ಇಲೆಕ್ಟ್ರಾನ್ ಜೋಡಿ ಚಾಚಿ ಅದನ್ನು ಬರಮಾಡಿಕೊಳ್ಳುವ ಗುಂಪು ಗ್ರಾಹಿ. ಆಮ್ಲಜನಕ, ಸಾರಜನಕ ಇದ್ದಲ್ಲೆಲ್ಲ ಗ್ರಾಹಿಗಳು ಸಿಗುತ್ತವೆ: ಅಸಿಟೋನಿನ ಕಾರ್ಬೊನಿಲ್, ಎಸ್ಟರ್, ಈಥರ್, ಅಮೀನ್, ಅಮೈಡ್, ನೈಟ್ರೈಲ್. ಇಂಥ ಒಂದು ಹೈಡ್ರೋಜನ್ ಬಂಧವನ್ನು ಬಿಡಿಸಲು ಮೋಲ್ ಒಂದಕ್ಕೆ ಸುಮಾರು 20 ಕಿಲೋಜೌಲ್ ಸಾಕು. ಅದೇ ಆಮ್ಲಜನಕದಿಂದ ಹೈಡ್ರೋಜನನ್ನು ಪೂರ್ತಿ ಕಿತ್ತು ತೆಗೆಯಲು 460ರ ಆಸುಪಾಸು ಬೇಕು. ಒಂದೊಂದೇ ನೋಡಿದರೆ ಬಡ ಬಂಧ. ಸರಪಳಿಯ ಉದ್ದಕ್ಕೂ ನೂರಾರು ಕಡೆ ಬಿದ್ದಾಗ ಮಾತ್ರ ಮರ ಎದ್ದು ನಿಲ್ಲುತ್ತದೆ, ರಟ್ಟು ರಟ್ಟಾಗುತ್ತದೆ.

ಶಹಾಡ್‌ನ ಕೆಲಸವೆಲ್ಲ ಈ ಬಂಧಗಳನ್ನು ಒಮ್ಮೆ ಬಿಚ್ಚಿ ಮತ್ತೆ ಕಟ್ಟುವುದು. ತಿರುಳಿನ ಹಾಳೆಗಳನ್ನು ಮೊದಲು ಶೇಕಡ 18ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುತ್ತಾರೆ. ಕಾಸ್ಟಿಕ್ಕಿನ ಹೈಡ್ರಾಕ್ಸೈಡ್ ಬರೀ ವಾಲಿಸಿಕೊಂಡು ಸುಮ್ಮನಿರುವ ಗ್ರಾಹಿಯಲ್ಲ. ಸೆಲ್ಯುಲೋಸಿನ ಹೈಡ್ರೋಜನನ್ನು ಕಿತ್ತುಕೊಂಡೇ ಹೋಗುತ್ತದೆ. ಹಿಂಡಿ ಪುಡಿ ಮಾಡಿದ ತಿರುಳನ್ನು ಗಾಳಿಯಲ್ಲಿ ಹಳೆಯದಾಗಲು ಬಿಟ್ಟು, ಸರಪಳಿ ತುಂಡಾಗುತ್ತ ಬಂದ ಮೇಲೆ, ಅದಕ್ಕೆ ಕಾರ್ಬನ್ ಡೈಸಲ್ಫೈಡ್ ಕೂಡಿಸುತ್ತಾರೆ. ಬಿಳಿ ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಸರಪಳಿಗಳ ನಡುವೆ ದಪ್ಪ ದಪ್ಪ ಗಂಧಕದ ಗುಂಪುಗಳು ಬಂದು ಕೂತ ಮೇಲೆ ಅವಕ್ಕೆ ಒಂದನ್ನೊಂದು ತಬ್ಬಲು ಆಗುವುದಿಲ್ಲ. ಈಗ ತೆಳು ಕಾಸ್ಟಿಕ್ಕಿನಲ್ಲಿ ಕಲಸಿದರೆ ಆ ಹಟಮಾರಿ ತಿರುಳು ಕಂದು ಹಳದಿಯ ಅಂಟುದ್ರವವಾಗಿ ಹರಿಯುತ್ತದೆ. ಅದೇ ವಿಸ್ಕೋಸ್. ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಇಂಗ್ಲೆಂಡಿನಲ್ಲಿ 1892ರಲ್ಲಿ ಹಕ್ಕುಪತ್ರ ಪಡೆದ ವಿಧಾನ ಮೂಲದಲ್ಲಿ ಇಂದಿಗೂ ಅದೇ.

ಸ್ಪಿನ್ನಿಂಗ್ ಖಾತೆಯಲ್ಲಿ ಸಾಲು ಸಾಲು ಸೂಕ್ಷ್ಮ ರಂಧ್ರಗಳ ಮೂತಿಗಳು ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿರುತ್ತವೆ. ಆಮ್ಲ ಬಿಸಿ, ಅದರಲ್ಲಿ ಸೋಡಿಯಂ ಸಲ್ಫೇಟು, ಸತುವಿನ ಸಲ್ಫೇಟು. ಮೂತಿಯಿಂದ ಹೊರಬಿದ್ದ ಕ್ಷಣದಲ್ಲೇ ದ್ರವ ಎಳೆಯಾಗಿ ಹೆಪ್ಪುಗಟ್ಟುತ್ತದೆ. ಆಮ್ಲ ಗಂಧಕದ ಗುಂಪನ್ನು ಕಳಚಿ ಹೈಡ್ರೋಜನನ್ನು ವಾಪಸು ಕೊಟ್ಟಿತು. ಸರಪಳಿಗಳು ಮತ್ತೆ ಅಕ್ಕಪಕ್ಕ ಬಂದವು. ದಾನಿ ಗ್ರಾಹಿಗಳು ಮತ್ತೆ ಕೂಡಿದವು. ಕಳಚಿದ ಗಂಧಕ ಎಲ್ಲಿ ಹೋಯಿತೆಂದರೆ, ಸೇತುವೆಯ ಮೇಲೆ ಮೂಗಿಗೆ ಬಂತಲ್ಲ, ಅಲ್ಲಿ. ಬಹುಪಾಲನ್ನು ಕಾರ್ಖಾನೆ ಮರಳಿ ಹಿಡಿಯಬೇಕು. ಹಿಡಿಯದೆ ಉಳಿದದ್ದು ಊರಿಗೆ. ಆ ಕಾರ್ಬನ್ ಡೈಸಲ್ಫೈಡ್ ಹೊತ್ತಿಕೊಳ್ಳಲು ಕಿಡಿಯೂ ಬೇಡ, ಸುಮಾರು 100 ಡಿಗ್ರಿ ಬಿಸಿಯಾದ ಕೊಳವೆ ಸಾಕು. 2023ರ ಸೆಪ್ಟೆಂಬರಿನಲ್ಲಿ ಇದೇ ಆವರಣದಲ್ಲಿ ಟ್ಯಾಂಕರೊಂದು ಸಿಡಿದು ಕಾರ್ಮಿಕರು ಸತ್ತರು. ನದಿಯಾಚೆ ಮೋಹನೆಯಲ್ಲಿದ್ದ ಇನ್ನೊಂದು ರೇಯಾನ್ ಗಿರಣಿ, ನ್ಯಾಷನಲ್ ರೇಯಾನ್ ಕಾರ್ಪೊರೇಷನ್, 2009ರಲ್ಲೇ ಬಾಗಿಲು ಹಾಕಿತು. ಅದರ ಕಾಲೋನಿಯಲ್ಲಿ ಬೆಳೆದವರಿಗೆ ಈಗಲೂ ಸೈರನ್ನಿನ ಹೊತ್ತು ಬಾಯಿಪಾಠ.

ಕನ್ನಡಿಗರಿಗೆ ಈ ನೂಲಿನ ಇನ್ನೊಂದು ತುದಿ ಪರಿಚಿತ. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ನೀಲಗಿರಿ ಮರದಿಂದ ತೆಗೆಯುವುದು ಇಂಥದೇ ರೇಯಾನ್ ದರ್ಜೆಯ ತಿರುಳು. ಊರ ಗೋಮಾಳಗಳಲ್ಲಿ ನೀಲಗಿರಿ ನೆಡಲು ಹೊರಟಾಗ 1987ರಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆದದ್ದು ಈ ತಿರುಳಿನ ಹಸಿವಿನ ಎದುರಿಗೇ. ಹೊಳಪಿನ ಸೀರೆಯ ಸೆರಗಿಗೆ ಇಷ್ಟು ದೂರದ ನೆಲದ ನಂಟಿದೆ.

ಆ ಸೀರೆಯನ್ನು ಒಗೆಯುವವರಿಗೆ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ಒಂದು ಎಚ್ಚರಿಕೆ ಗೊತ್ತು: ರೇಯಾನನ್ನು ನೆನೆದಾಗ ಹಿಂಡಬಾರದು. ಒದ್ದೆ ವಿಸ್ಕೋಸಿನ ಬಲ ಒಣಗಿದ್ದಾಗಿನ ಅರ್ಧದಷ್ಟಕ್ಕೆ ಇಳಿಯುತ್ತದೆ. ನೀರಿನ ಅಣು ಏಕಕಾಲಕ್ಕೆ ದಾನಿಯೂ ಹೌದು, ಗ್ರಾಹಿಯೂ ಹೌದು; ಎಳೆಯೊಳಗೆ ನುಗ್ಗಿ, ಸರಪಳಿಗಳು ಪರಸ್ಪರ ಹಿಡಿದಿದ್ದ ಜಾಗದಲ್ಲಿ ತಾನು ಹಿಡಿದುಕೊಳ್ಳುತ್ತದೆ. ಹವೆಯ ತೇವವನ್ನು ಬಟ್ಟೆಗಳು ಎಷ್ಟು ಕುಡಿಯುತ್ತವೆ ಎಂಬುದಕ್ಕೆ ನೂಲಿನ ವ್ಯಾಪಾರದಲ್ಲಿ ಒಪ್ಪಿತ ಲೆಕ್ಕವಿದೆ: ರೇಯಾನ್ ತನ್ನ ತೂಕದ ಶೇಕಡ 13, ಹತ್ತಿ 8.5, ಪಾಲಿಯೆಸ್ಟರ್ ಕೇವಲ 0.4. ಈ ಲೆಕ್ಕವನ್ನು ಕಲ್ಯಾಣ್ ಸ್ಟೇಷನ್ನಿನಲ್ಲಿ ಎಂಟೂಕಾಲರ ಫಾಸ್ಟ್ ಲೋಕಲ್‌ನೊಳಗೆ ಮೈಯಾರೆ ಪರೀಕ್ಷಿಸಬಹುದು. ಜೂನ್ ತಿಂಗಳ ಸೆಕೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟವನ ಬೆವರು ಬೆನ್ನಿನ ಮೇಲೆ ಹಾಗೇ ಇಳಿಯುತ್ತದೆ. ಹತ್ತಿಯ ಅಂಗಿಯವನದು ಬಟ್ಟೆಯಲ್ಲಿ ಇಂಗುತ್ತದೆ. ಪಾಲಿಯೆಸ್ಟರಿನಲ್ಲಿ ಗ್ರಾಹಿಗಳು ಇಲ್ಲವೆಂದಲ್ಲ, ಎಸ್ಟರಿನ ಆಮ್ಲಜನಕಗಳಿವೆ. ಆದರೆ ದಾನಿಗಳಿಲ್ಲ, ಸರಪಳಿ ಬೇರೆ ಒತ್ತೊತ್ತಾಗಿ ಕೂತಿದೆ. ನೀರಿಗೆ ಒಳಗೆ ಹೋಗಲು ದಾರಿಯೂ ಇಲ್ಲ, ಕಾರಣವೂ ಸಾಲದು.

ಠಾಕುರ್ಲಿ ದಾಟಿದರೆ ಡೊಂಬಿವಲಿ. ಪೂರ್ವಕ್ಕಿಳಿದರೆ ಮೊದಲು ಹೂವಿನವರು, ವಡಾಪಾವ್ ಗಾಡಿಗಳು, ರಿಕ್ಷಾ ಸಾಲು. ಶೇರ್ ರಿಕ್ಷಾದವನು ‘ಎಮ್‌ಐಡಿಸಿ, ಎಮ್‌ಐಡಿಸಿ’ ಎಂದು ಕೂಗುತ್ತಾನೆ. ಮಂಜುನಾಥ ವಿದ್ಯಾಲಯದ ಯೂನಿಫಾರಂ ತೊಟ್ಟ ಮಕ್ಕಳ ನಡುವೆ ತುಳು, ಕನ್ನಡ, ಮರಾಠಿ ಮೂರೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಇಲ್ಲಿನ ಕನ್ನಡಿಗರ ಸಂಘ ಕಟ್ಟಿ ಬೆಳೆಸಿದ ಶಾಲೆ ಅದು. ಮುಂಬಯಿಯ ಬಾಡಿಗೆ ಕೊಡಲಾಗದೆ ಇಲ್ಲಿಗೆ ಬಂದವರಲ್ಲಿ ಹೋಟೆಲಿನವರು, ಬ್ಯಾಂಕಿನವರು, ಅವರ ಜೊತೆಗೇ ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಬಣ್ಣದ ಕಾರ್ಖಾನೆ ಸೇರಿದವರು. ಕಲ್ಯಾಣ್ ಶೀಳ್ ರಸ್ತೆಯ ಬದಿಗೆ ಎರಡು ಹಂತಗಳಲ್ಲಿ ಹಬ್ಬಿದ ಕೈಗಾರಿಕಾ ಪ್ರದೇಶವಾದ ಎಮ್‌ಐಡಿಸಿಯಲ್ಲಿ ಬಣ್ಣದ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವ ಪ್ರೊಸೆಸ್ ಹೌಸು, ಔಷಧಿಯ ಮೂಲವಸ್ತು ಮಾಡುವ ಘಟಕ ಒಂದರ ಬೆನ್ನಿಗೊಂದು. ಗೋಡೆಯಾಚೆಗೇ ವಸತಿ ಕಟ್ಟಡ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ.

ಪ್ರೊಸೆಸ್ ಹೌಸಿನೊಳಗೆ ಹಬೆ, ನೆಲವೆಲ್ಲ ಒದ್ದೆ. ಬಣ್ಣದ ಕೋಣೆಯವನ ಕೈಬೆರಳ ಉಗುರಿನ ಸಂದಿಗೆ ಇಂದಿನ ಬಣ್ಣ, ಮಣಿಕಟ್ಟಿನ ಮೇಲೆ ನಿನ್ನೆಯದು. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಾಕುವ ಕ್ರಮ ಅವನಿಗೆ ಮಂತ್ರದಂತೆ ಬಾಯಿಗಿದೆ: ಮೊದಲು ಬಣ್ಣ, ಆಮೇಲೆ ಗ್ಲಾಬರ್ ಸಾಲ್ಟ್, ಕೊನೆಗೆ ಸೋಡಾ ಆಶ್. ಸೋಡಾ ಮೊದಲೇ ಬಿದ್ದರೆ ಬಟ್ಟೆ ಕಲೆ ಕಲೆ. ಉಪ್ಪು ಹಾಕಿದಾಗ ಬಣ್ಣದ ಅಣುಗಳು ನೀರು ಬಿಟ್ಟು ಎಳೆಯ ಮೇಲೆ ಬಂದು ಕೂರುತ್ತವೆ. ಆಗ ಅವನ್ನು ಹಿಡಿದಿರುವುದು ಹೈಡ್ರೋಜನ್ ಬಂಧದಂತಹ ಸಡಿಲ ಸೆಳೆತಗಳಷ್ಟೇ, ತೊಳೆದರೆ ಹೋಗುತ್ತದೆ. ಸೋಡಾ ಬಿದ್ದು ನೀರು ಕ್ಷಾರವಾದ ಮೇಲೆ ಆಟ ಬದಲಾಗುತ್ತದೆ. ಕ್ಷಾರವೆಂದರೆ ಆಸೆಬುರುಕ ಗ್ರಾಹಿ. ಅದು ಹತ್ತಿಯ ಹೈಡ್ರಾಕ್ಸಿಲಿನಿಂದ ಹೈಡ್ರೋಜನನ್ನು ಕಸಿಯುತ್ತದೆ. ಉಳಿದ ಆಮ್ಲಜನಕ ಋಣಾವೇಶ ಹೊತ್ತು ಬಣ್ಣದ ವಿನೈಲ್ ಸಲ್ಫೋನ್ ತುದಿಗೆ ಹೋಗಿ ನಾಟುತ್ತದೆ. ಈಗ ಬಣ್ಣ ಬಟ್ಟೆಯ ಮೈಯ ಭಾಗ. ಎಷ್ಟು ಒಗೆತಕ್ಕೂ ಜಗ್ಗುವುದಿಲ್ಲ.

ಆದರೆ ಆ ತೊಟ್ಟಿಯಲ್ಲಿ ಹತ್ತಿಗಿಂತ ಎಷ್ಟೋ ಪಾಲು ಹೆಚ್ಚು ನೀರಿದೆ. ಕ್ಷಾರ ನೀರಿನಿಂದಲೂ ಹೈಡ್ರೋಜನ್ ಕಸಿಯುತ್ತದೆ, ಹುಟ್ಟಿದ ಹೈಡ್ರಾಕ್ಸೈಡು ಅದೇ ವಿನೈಲ್ ಸಲ್ಫೋನ್ ತುದಿಗೆ ಅಂಟುತ್ತದೆ. ಅಷ್ಟಾದರೆ ಆ ಅಣುವಿನ ಕತೆ ಮುಗಿಯಿತು: ಬಣ್ಣ ಹಾಗೇ ಇದೆ, ಬಟ್ಟೆಗೆ ಕಚ್ಚುವ ಹಲ್ಲು ಹೋಗಿದೆ. ಅದನ್ನು ತೊಳೆದು ಚರಂಡಿಗೆ ಬಿಡುವುದೊಂದೇ ದಾರಿ. ಅದಕ್ಕಾಗಿಯೇ ಬಣ್ಣ ಹಾಕುವ ಹೊತ್ತಿಗಿಂತ ಸೋಪು ನೀರಿನಲ್ಲಿ ಮತ್ತೆ ಮತ್ತೆ ತೊಳೆಯುವ ಹೊತ್ತೇ ದೀರ್ಘ. ನೀರು ಶುದ್ಧೀಕರಣ ಘಟಕದವರಿಗೆ ತಲೆನೋವು ಇದೇ: ಉಪ್ಪು ತುಂಬಿದ, ಕ್ಷಾರ ತುಂಬಿದ, ಹಿಡಿಯಲು ಯಾರೂ ಇಲ್ಲದ ಬಣ್ಣ. ರಿಯಾಕ್ಟಿವ್ ಬಣ್ಣವನ್ನು ನೀರಿನಲ್ಲಿ ಚೆನ್ನಾಗಿ ಕರಗಲೆಂದೇ ಕಟ್ಟಿರುತ್ತಾರೆ, ಆ ಗುಣವೇ ಅದನ್ನು ನೀರಿನಿಂದ ಹೊರತೆಗೆಯಲು ಅಡ್ಡ.

ಡೊಂಬಿವಲಿಯವರಿಗೆ ಬಣ್ಣ ಬಟ್ಟೆಯಿಂದಾಚೆಗೂ ಗೊತ್ತು. 2014ರ ಜನವರಿಯಲ್ಲಿ ಹಸಿರು ಮಳೆ ಬಿತ್ತೆಂದು ಜನ ಕೊಡೆ ಹಿಡಿದು ಹೊರಬಂದು ನೋಡಿದರು. 2020ರ ಫೆಬ್ರುವರಿಯಲ್ಲಿ ಎಮ್‌ಐಡಿಸಿಯ ರಸ್ತೆಯೊಂದು ಗುಲಾಬಿಯಾಯಿತು. ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರೇ ಬಂದು ನೋಡಿ ಹೋದರು. ಚೀಲದಿಂದ ಹಾರಿದ ಒಂದು ಹಿಡಿ ಪುಡಿ ಸಾಕು, ಇಬ್ಬನಿಯಲ್ಲಿ ಕರಗಿ ಬೀದಿಯುದ್ದಕ್ಕೂ ಹರಡಲು. ವಾಲಧುನಿ ನದಿ ಯಾವ ದಿನ ಯಾವ ಬಣ್ಣ ಎಂಬುದನ್ನು ಕಲ್ಯಾಣದ ಹಳಬರು ತಮಾಷೆಯಾಗಿ ಹೇಳುತ್ತಾರೆ. ಆ ತಮಾಷೆಯಲ್ಲಿ ನಗುವಂಥದ್ದು ಏನೂ ಇಲ್ಲ.

ಎರಡನೇ ಹಂತದ ಕಡೆ ನಡೆದರೆ ಬಣ್ಣಕ್ಕಿಂತ ವಾಸನೆಯೇ ಜಾಸ್ತಿ. ನೀಲಿ ಡ್ರಮ್ಮುಗಳು ಮೂರರ ಮೇಲೆ ಮೂರು. ಬಳಸಿದ ಸಾಲ್ವೆಂಟನ್ನು ಕುದಿಸಿ, ಆವಿಯನ್ನು ತಣಿಸಿ, ಮತ್ತೆ ಮಾರುವ ಸಣ್ಣ ಘಟಕಗಳಿವು. ಇಲ್ಲಿ ಬೇಸ್ತು ಬೀಳಿಸುವ ಜೋಡಿಯೊಂದಿದೆ. ಅಸಿಟೋನ್ ಕುದಿಯುವುದು 56 ಡಿಗ್ರಿಗೆ, ಕ್ಲೋರೋಫಾರಂ 61ಕ್ಕೆ. ಎರಡೂ ಬೆರೆತರೆ ಒಂದು ಹದದ ಮಿಶ್ರಣ 64ರ ಆಸುಪಾಸು ಮುಟ್ಟುವವರೆಗೆ ಕುದಿಯುವುದೇ ಇಲ್ಲ, ಕುದಿಯಲು ಹಿಡಿದ ಮೇಲೆ ಎರಡೂ ಒಟ್ಟಿಗೇ ಹಾರುತ್ತವೆ, ಬೇರ್ಪಡುವುದಿಲ್ಲ. ಪಿಯುಸಿ ಪುಸ್ತಕದಲ್ಲಿ ಓದಿ ಮರೆತ ಪಾಠ ಇಲ್ಲಿ ಡ್ರಮ್ಮಿನಲ್ಲಿ ಕೂತಿದೆ. ಅಸಿಟೋನಿನ ಬಳಿ ಗ್ರಾಹಿ ಇದೆ, ಕೊಡಲು ತಕ್ಕ ಹೈಡ್ರೋಜನ್ ಇಲ್ಲ. ಕ್ಲೋರೋಫಾರಂನ ಬಳಿ 3 ಕ್ಲೋರಿನ್‌ಗಳು ಬರಿದು ಮಾಡಿದ ಹೈಡ್ರೋಜನ್ ಇದೆ, ಸರಿಯಾದ ಗ್ರಾಹಿ ಇಲ್ಲ. ಒಂಟಿಯಾಗಿದ್ದಾಗ ಎರಡಕ್ಕೂ ಇಲ್ಲದ ಕಟ್ಟು ಕೂಡಿದಾಗ ಹುಟ್ಟುತ್ತದೆ. ಸುರಿಯುವಾಗಲೇ ಡ್ರಮ್ಮು ಬೆಚ್ಚಗಾಗುತ್ತದೆ.

ಬೆಚ್ಚಗಾದದ್ದು ಅಲ್ಲಿಗೇ ನಿಂತರೆ ಸರಿ. ಅದೇ ಡ್ರಮ್ಮಿನ ತಳದಲ್ಲಿ ಯಾರೋ ಬಿಟ್ಟ ಕಾಸ್ಟಿಕ್ ಇದ್ದರೆ ಅದು ಕ್ಲೋರೋಫಾರಂನ ಹೈಡ್ರೋಜನನ್ನು ಪೂರ್ತಿ ಕಿತ್ತುಬಿಡುತ್ತದೆ. ಉಳಿದ ತುಂಡು ಅಸಿಟೋನಿನ ಮೇಲೆ ಬೀಳುತ್ತದೆ. ಬಿಸಿ ಬಿಸಿಯನ್ನು ಹೆಚ್ಚಿಸುತ್ತ ಡ್ರಮ್ಮು ಒಡೆಯುವವರೆಗೆ ಹೋಗಬಹುದು. ಹಾಗಾಗಿ ಪ್ರಯೋಗಾಲಯಗಳಲ್ಲಿ ಈ ಎರಡನ್ನು ಒಂದೇ ತ್ಯಾಜ್ಯದ ಸೀಸೆಗೆ ಸುರಿಯಬಾರದೆಂದು ಕಟ್ಟುನಿಟ್ಟು. ವಾಲಿಸಿಕೊಳ್ಳುವ ಗ್ರಾಹಿಗೂ ಕಿತ್ತುಕೊಳ್ಳುವ ಗ್ರಾಹಿಗೂ ನಡುವಿನ ಅಂತರ ಇಲ್ಲಿ ಜೀವದ್ದು.

ಮೂರನೆಯ ಬಗೆಯೂ ಒಂದಿದೆ. ಪೆರಾಕ್ಸೈಡುಗಳಲ್ಲಿ ಎರಡು ಆಮ್ಲಜನಕಗಳು ಒಂದಕ್ಕೊಂದು ಸಡಿಲವಾಗಿ ಕಟ್ಟಿಕೊಂಡಿರುತ್ತವೆ. ಬಿಸಿ ತಗುಲಿದರೆ ಬಿರಿದು ಎರಡು ಅರೆ ತುಂಡುಗಳಾಗುತ್ತವೆ. ಆ ಅರೆ ತುಂಡಿಗೆ ದಾನಿ ಬೇಕಿಲ್ಲ, ಎದುರಿಗೆ ಸಿಕ್ಕ ಯಾವ ಅಣುವಿನಿಂದಾದರೂ ಹೈಡ್ರೋಜನನ್ನು ಅದರ ಇಲೆಕ್ಟ್ರಾನ್ ಸಮೇತ ಎಗರಿಸುತ್ತದೆ. ಪಾಲಿಥೀನಿನಂಥ ಮೌನಿ ಸರಪಳಿಗಳನ್ನೂ ಹೀಗೆ ಕೆಣಕಿ ಪರಸ್ಪರ ಬೆಸೆಯಬಹುದು. ಡೈಕ್ಯುಮೈಲ್ ಪೆರಾಕ್ಸೈಡ್ ಹಾಕಿ ಮಾಡುವ ವಿದ್ಯುತ್ ಕೇಬಲ್ಲಿನ ಹೊದಿಕೆ ಬಿಸಿಯಾದರೂ ಕರಗಿ ಸೋರದಿರುವುದು ಅದರಿಂದಲೇ. ಉಪಕಾರಿ, ಆದರೆ ಸಿಟ್ಟಿನ ಸರಕು. 2024ರ ಮೇ 23ರ ಮಧ್ಯಾಹ್ನ ಡೊಂಬಿವಲಿಯಲ್ಲಿ ಪೆರಾಕ್ಸೈಡ್ ತಯಾರಿಸುತ್ತಿದ್ದ ಅಮುದಾನ್ ಕೆಮಿಕಲ್ಸ್ ಸಿಡಿಯಿತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ದೂರದೂರದ ಕಿಟಕಿ ಗಾಜುಗಳು ಉದುರಿದವು. 2016ರ ಮೇ 26ರಂದು ಇದೇ ಪ್ರದೇಶದ ಪ್ರೊಬೇಸ್ ಕಾರ್ಖಾನೆಯಲ್ಲಿ ಆದ ಸ್ಫೋಟದ ನೆನಪು ಆಗಿನ್ನೂ ಮಾಸಿರಲಿಲ್ಲ. ಎರಡೂ ಮೇ ತಿಂಗಳು. ಗಾಜು ಹಾಕಿಸಿದವರೇ ಮತ್ತೆ ಗಾಜು ಹಾಕಿಸಿದರು.

ದಿವಾ, ಮುಂಬ್ರಾ, ಕಳವಾ ಕಳೆದು ಥಾಣೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಮ್‌ಐಡಿಸಿ, 1962ರಲ್ಲಿ ಹುಟ್ಟಿದಾಗ ಮೊದಲು ಕೈಗೆತ್ತಿಕೊಂಡದ್ದು ಇಲ್ಲಿನ ವಾಗಳೆ ಎಸ್ಟೇಟನ್ನು. ಅಲ್ಲಿನ ಎಷ್ಟೋ ಶೆಡ್ಡುಗಳು ಈಗ ಗಾಜಿನ ಕಚೇರಿಗಳು. ಒಂಬತ್ತು, ಹತ್ತನೇ ನಂಬರಿನ ಪ್ಲಾಟ್‌ಫಾರಂಗೆ ಹತ್ತಿಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದರೆ ಎಡಬಲಕ್ಕೆ ನವಿ ಮುಂಬಯಿ: ದಿಘಾ ಗಾಂವ್, ಐರೋಲಿ, ರಬಾಳೆ, ಘನ್ಸೋಲಿ, ಕೋಪರ್‌ಖೈರಣೆ, ತುರ್ಭೆ. ಒಂದು ಬದಿಗೆ ಪಾರಸಿಕ್ ಗುಡ್ಡದ ಸಾಲು, ಇನ್ನೊಂದು ಬದಿಗೆ ಖಾಡಿಯ ಕಾಂಡ್ಲಾ ಕಾಡು. ಈ ಥಾಣೆ ಬೇಲಾಪುರ ರಸ್ತೆಯೇ ಭಾರತದ ಪೆಟ್ರೋಕೆಮಿಕಲ್ ಉದ್ಯಮದ ತೊಟ್ಟಿಲುಗಳಲ್ಲೊಂದು. 1968ರಲ್ಲಿ ನೊಸಿಲ್ ಕಂಪನಿ ಇಲ್ಲಿ ನಾಫ್ತಾ ಒಡೆದು ಎಥಿಲೀನ್ ತೆಗೆಯತೊಡಗಿತು. ಅದರ ನೆರೆಯಲ್ಲೇ ಪಾಲಿಥೀನು, ಇನ್ನೊಂದು ಬದಿಗೆ ಹೆರ್ಡಿಲಿಯಾದ ಫೀನಾಲು ಮತ್ತು ಅಸಿಟೋನು. ಕ್ಯುಮೀನ್ ಎಂಬ ಒಂದೇ ದ್ರವಕ್ಕೆ ಗಾಳಿ ಊದಿ, ಆಮ್ಲ ತಾಗಿಸಿದರೆ ಈ ಎರಡೂ ಒಟ್ಟಿಗೆ ಹುಟ್ಟುತ್ತವೆ: ಒಂದು ಗಟ್ಟಿ ದಾನಿ, ಇನ್ನೊಂದು ಗಟ್ಟಿ ಗ್ರಾಹಿ. ಹುಟ್ಟಿದ ಕೂಡಲೇ ಒಂದನ್ನೊಂದು ಹಿಡಿಯುವ ಇವನ್ನು ಬೇರೆ ಮಾಡಿ ಬೇರೆ ಬೇರೆ ಟ್ಯಾಂಕರುಗಳಿಗೆ ತುಂಬುವುದೇ ಆ ಕಾರ್ಖಾನೆಯ ದುಡಿಮೆ.

ರಬಾಳೆ, ಮಹಾಪೆಯ ಒಳರಸ್ತೆಗಳಲ್ಲಿ ಪ್ಲಾಸ್ಟಿಕ್ ಕಾಂಪೌಂಡ್ ಮಾಡುವವರ ಶೆಡ್ಡುಗಳು ಸಿಗುತ್ತವೆ. ಪಿವಿಸಿ ಪುಡಿ ಮೈದಾಹಿಟ್ಟಿನ ಹಾಗೆ ಗೋಡೆ, ಫ್ಯಾನು, ಹುಬ್ಬು ಎಲ್ಲದರ ಮೇಲೂ ಕೂತಿದೆ. ನೂರು ಕಿಲೋ ಪುಡಿಗೆ ಐವತ್ತು ಕಿಲೋದಷ್ಟು ಡಿಒಪಿ ಎಂಬ ಎಣ್ಣೆಯಂಥ ದ್ರವ ಸುರಿದು ಬಿಸಿಯಲ್ಲಿ ತಿರುಗಿಸುತ್ತಾರೆ. ಪುಡಿ ಎಣ್ಣೆ ಕುಡಿದು ಮತ್ತೆ ಒಣ ಪುಡಿಯೇ ಆಗಿಬಿಡುತ್ತದೆ. ಅದನ್ನು ಎಕ್ಸ್‌ಟ್ರೂಡರಿಗೆ ಕೊಟ್ಟರೆ ಕರಗಿ ಎಳೆಯಾಗಿ ಹೊರಬಂದು, ನೀರಿನಲ್ಲಿ ತಣಿದು, ಕತ್ತರಿಯಡಿ ದಾಣಾ ಆಗಿ ಗೋಣಿಗೆ ಬೀಳುತ್ತದೆ. ಹೀಗೆ ಎಣ್ಣೆ ಕುಡಿಯದ ಪಿವಿಸಿ ಬಚ್ಚಲಿನ ಗಟ್ಟಿ ಪೈಪು, ಮೆತ್ತಗಾಗಲು 80 ಡಿಗ್ರಿ ಬೇಕು. ಕುಡಿದದ್ದು ಮಳೆಗಾಲದ ರೇನ್‌ಕೋಟು, ವಯರಿನ ಹೊದಿಕೆ, ಊಟದ ಮೇಜಿನ ಹೂವಿನ ಹಾಳೆ.

ಆ ಎಣ್ಣೆ ಒಳಗೆ ನಿಂತದ್ದು ಹೇಗೆ? ಡಿಒಪಿ ಎಸ್ಟರು, ಅದರಲ್ಲಿ ಕಾರ್ಬೊನಿಲ್ ಆಮ್ಲಜನಕವಿದೆ. ಪಿವಿಸಿಯಲ್ಲಿ ಕ್ಲೋರಿನ್ ಹೊತ್ತ ಇಂಗಾಲದ ಮೇಲೊಂದು ಹೈಡ್ರೋಜನ್ ಇದೆ. ಕ್ಲೋರಿನ್ ಅದನ್ನು ಸ್ವಲ್ಪ ಬರಿದು ಮಾಡಿದೆ. ಅಷ್ಟು ಸಾಕು. ಬಹಳ ಕಾಲ ಇಂಗಾಲದ ಮೇಲಿನ ಹೈಡ್ರೋಜನನ್ನು ದಾನಿಯೆಂದು ಒಪ್ಪಲು ರಸಾಯನಶಾಸ್ತ್ರಜ್ಞರು ಹಿಂದೆಮುಂದೆ ನೋಡಿದರು. ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯೆ ಬರೆಯಲು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ನೇಮಿಸಿದ ತಂಡಕ್ಕೆ ಮುಂದಾಳಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. 2011ರಲ್ಲಿ ಪ್ರಕಟವಾದ ಆ ವ್ಯಾಖ್ಯೆ ದಾನಿಯ ಹೆಸರುಗಳ ಪಟ್ಟಿ ಕೊಡದೆ, ಹೈಡ್ರೋಜನಿಗಿಂತ ಹೆಚ್ಚು ಇಲೆಕ್ಟ್ರಾನ್ ಎಳೆಯುವ ಯಾವ ಪರಮಾಣುವಿಗೂ ಬಾಗಿಲು ತೆರೆಯಿತು; ಬಂಧ ಆದದ್ದಕ್ಕೆ ಪುರಾವೆ ಇರಬೇಕು ಎಂಬುದೊಂದೇ ಪಟ್ಟು. ಇಂಗಾಲವೂ ಒಳಗೆ ಬಂತು. ಶೆಡ್ಡಿನ ಪಿವಿಸಿ ಮಾತ್ರ ಯಾವ ಒಪ್ಪಿಗೆಗೂ ಕಾಯದೆ ದಶಕಗಳಿಂದ ಎಣ್ಣೆ ಹಿಡಿಯುತ್ತಲೇ ಇತ್ತು.

ದುರ್ಬಲ ಹಿಡಿತದ ದೌರ್ಬಲ್ಯ ಹಳೆಯ ರೇನ್‌ಕೋಟಿನಲ್ಲಿ ಕಾಣುತ್ತದೆ. ನಾಲ್ಕಾರು ಮಳೆಗಾಲ ಕಂಡ ಮೇಲೆ ಹೊರಮೈ ಅಂಟು, ಮಡಿಕೆಯಲ್ಲಿ ಬಿರುಕು. ಎಣ್ಣೆ ಮೆಲ್ಲಗೆ ಜಾರಿ ಹೊರಟಿದೆ. ಮಕ್ಕಳ ಆಟಿಕೆಗಳಲ್ಲಿ ಇಂಥ ಎಣ್ಣೆಗಳಿಗೆ ಕಡಿವಾಣ ಬಿದ್ದದ್ದೂ ಹೀಗೆ ಜಾರುವುದರಿಂದಲೇ. ಜಾರದಂತೆ ಮಾಡುವ ಉಪಾಯವೆಂದರೆ ಎಣ್ಣೆಯ ಬದಲು ಗ್ರಾಹಿ ಹೊತ್ತ ಇನ್ನೊಂದು ಉದ್ದ ಸರಪಳಿಯನ್ನೇ ಬೆರೆಸುವುದು. ನೈಟ್ರೈಲ್ ರಬ್ಬರು ಹಾಗೆ ಬಂತು. ಅದರ ಸಾರಜನಕ ಪಿವಿಸಿಯ ಹೈಡ್ರೋಜನನ್ನು ಬರಮಾಡಿಕೊಳ್ಳುತ್ತದೆ. ಗಮ್‌ಬೂಟಿನ ತಳ, ಎಣ್ಣೆ ತಾಗುವಲ್ಲಿನ ಹೋಸು, ಕೇಬಲ್ಲಿನ ಹೊರಕವಚಕ್ಕೆ ಈ ಮಿಶ್ರಣ 1940ರ ದಶಕದಿಂದಲೂ ಬಳಕೆಯಲ್ಲಿದೆ. ರಬ್ಬರಿನಲ್ಲಿ ಅಕ್ರಿಲೋನೈಟ್ರೈಲ್ ಪಾಲು ಶೇಕಡ 30ರಿಂದ 40ರಷ್ಟಿದ್ದರೆ ಬೆರಕೆ ಚೊಕ್ಕ. ಪಾಲು ತಗ್ಗಿದಂತೆ ಎರಡೂ ಒಳಗೊಳಗೇ ಬೇರೆಯಾಗತೊಡಗುತ್ತವೆ. ನೈಟ್ರೈಲೇ ಇಲ್ಲದ ಬ್ಯುಟಾಡೀನ್ ರಬ್ಬರು ಪಿವಿಸಿಯ ಜೊತೆ ಸೇರುವುದೇ ಇಲ್ಲ.

ಗ್ರಾಹಿಯ ಮೇಲೆ ಇಷ್ಟು ಭಾರ ಏಕೆಂದರೆ ಪಾಲಿಮರುಗಳು ತಾವಾಗಿ ಬೆರೆಯುವ ಜಾತಿಯವಲ್ಲ. ಅವಲಕ್ಕಿಗೆ ಕಡಲೆ ಹಾಕಿ ಕೈಯಾಡಿಸಿದರೆ ಬೆರೆಯಿತು. ಎರಡು ಬಗೆಯ ಬೆಂದ ಶಾವಿಗೆಯನ್ನು ಹಾಗೆ ಎಳೆ ಎಳೆಗೆ ಬೆರೆಸಿ ನೋಡಿ. ಸಣ್ಣ ಅಣುಗಳಿಗೆ ಬೆರೆಯುವುದರಿಂದ ಸಿಗುವ ಅಡ್ಡಾಡುವ ಸ್ವಾತಂತ್ರ್ಯವೇ ದೊಡ್ಡ ಲಾಭ. ಸಾವಿರಾರು ಕೊಂಡಿಗಳ ಸರಪಳಿಗೆ ಆ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎರಡರ ನಡುವೆ ಕಿಂಚಿತ್ತು ಅಸಮಾಧಾನವಿದ್ದರೂ ಅವು ಬೇರೆಯಾಗುತ್ತವೆ, ಕಿಂಚಿತ್ತು ಸೆಳೆತವಿದ್ದರೆ ಮಾತ್ರ ಒಂದಾಗುತ್ತವೆ. ಆ ಕಿಂಚಿತ್ತನ್ನು ಪರೀಕ್ಷಾ ಪ್ರಯೋಗಾಲಯದವರು ಅವಕೆಂಪು ಬೆಳಕಿನಲ್ಲಿ ನೋಡುತ್ತಾರೆ. ಎಸ್ಟರಿನ ಕಾರ್ಬೊನಿಲ್ ತಾನೊಂದೇ ಇರುವಾಗ ಯಂತ್ರದ ಕಾಗದದ ಮೇಲೆ ತರಂಗಸಂಖ್ಯೆ 1735ರ ಬಳಿ ಒಂದು ಕಡಿದಾದ ಗೆರೆ. ಫೀನಾಲ್ ಗುಂಪಿನ ಸರಪಳಿಯೊಂದರ ಜೊತೆ ಬೆರೆಸಿದರೆ ಪಕ್ಕದಲ್ಲಿ 1708ರ ಬಳಿ ಇನ್ನೊಂದು ಗೆರೆ ಏಳುತ್ತದೆ. ಹಿಡಿದ ಕಾರ್ಬೊನಿಲ್ ಕೊಂಚ ನಿಧಾನಕ್ಕೆ ಕಂಪಿಸುತ್ತದೆ, ಅದರ ಲೆಕ್ಕ ಅದು. ಪಿವಿಸಿಯಂಥ ಬಡ ದಾನಿಯಾದರೆ ಗೆರೆ ಕೆಲವೇ ಅಂಕಿ ಜರುಗುತ್ತದೆ. ಜರುಗಿದರೆ ಮಾಲು ಪಾರದರ್ಶಕ, ಎಳೆದರೆ ಹಿಗ್ಗುತ್ತದೆ. ಜರುಗದಿದ್ದರೆ ಮಾಲು ಮಬ್ಬು, ಬಾಗಿಸಿದರೆ ಪದರು ಪದರಾಗಿ ಸುಲಿಯುತ್ತದೆ.

ಸುಲಿಯುವ ಮಾಲೆಲ್ಲ ಕೊನೆಗೆ ಬರುವುದು ತುರ್ಭೆಯ ಸುತ್ತಲಿನ ಭಂಗಾರ್, ಅಂದರೆ ಗುಜರಿ, ಗೋದಾಮುಗಳಿಗೆ. ತಗಡಿನ ಮಾಡು, ನೆಲದ ಮೇಲೆ ಎದೆಯೆತ್ತರದ ರಾಶಿ, ಸುತ್ತ ಕುಕ್ಕುರುಗಾಲಿನಲ್ಲಿ ಕೂತ ಹೆಂಗಸರು. ಕೈಗೆ ಬಂದ ತುಂಡನ್ನು ಉಗುರಿನಿಂದ ಗೀರಿ, ಬಾಗಿಸಿ, ಕಲ್ಲಿಗೆ ಬಡಿದು ಸದ್ದು ಕೇಳಿ ಬುಟ್ಟಿಗೆ ಎಸೆಯುತ್ತಾರೆ. ಅನುಮಾನ ಬಂದರೆ ನೀರಿನ ಡ್ರಮ್ಮು: ಪಾಲಿಥೀನು, ಪಾಲಿಪ್ರೊಪಿಲೀನು ತೇಲುತ್ತವೆ, ನೈಲಾನು, ಪಿವಿಸಿ, ನೀರಿನ ಬಾಟಲಿಯ ಪೆಟ್ ಮುಳುಗುತ್ತವೆ. ಇನ್ನೂ ಅನುಮಾನವಿದ್ದರೆ ಲೈಟರು. ಕೂದಲು ಸುಟ್ಟ ವಾಸನೆ ಬಂದರೆ ನೈಲಾನು, ಮೂಗು ಉರಿಸುವ ಹೊಗೆ ಬಂದರೆ ಪಿವಿಸಿ. ಆ ಹೊಗೆ ಹೈಡ್ರೋಕ್ಲೋರಿಕ್ ಆಮ್ಲದ್ದು. ಮುಖಕ್ಕೆ ಕಟ್ಟಿದ ಓಢಣಿ ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ಇಷ್ಟೆಲ್ಲ ವಿಂಗಡಣೆ ಏಕೆ ಬೇಕಾಯಿತು ಎಂದರೆ ಉತ್ತರ ಅಣುವಿನಲ್ಲೇ ಇದೆ. ಪಾಲಿಥೀನಿನ ಸರಪಳಿಯಲ್ಲಿ ಇರುವುದು ಇಂಗಾಲ, ಹೈಡ್ರೋಜನ್ ಅಷ್ಟೇ. ಕೊಡಲು ತಕ್ಕ ಹೈಡ್ರೋಜನೂ ಇಲ್ಲ, ಬರಮಾಡಿಕೊಳ್ಳುವ ಆಮ್ಲಜನಕವೂ ಇಲ್ಲ. ನೈಲಾನಿನ ಅಮೈಡುಗಳು ತಮ್ಮತಮ್ಮಲ್ಲೇ ಗಟ್ಟಿಯಾಗಿ ಕಟ್ಟಿಕೊಂಡಿವೆ, ಹೊರಗಿನವರಿಗೆ ಜಾಗ ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಕರಗಿಸಿ ದಾಣಾ ಮಾಡಿದರೆ ಆ ದಾಣಾದ ಬಕೀಟು ಮೊದಲ ಪೆಟ್ಟಿಗೇ ಒಡೆಯುತ್ತದೆ. ಮಲೀಯಿಕ್ ಅನ್‌ಹೈಡ್ರೈಡ್ ನಾಟಿದ ಪಾಲಿಥೀನನ್ನು ಸ್ವಲ್ಪ ಸೇರಿಸಿದರೆ ಅದು ನೈಲಾನಿನ ತುದಿಯ ಅಮೀನಿಗೆ ಬೆಸೆದುಕೊಂಡು ಎರಡನ್ನೂ ಒಂದು ಮಟ್ಟಿಗೆ ಕೂಡಿಸುತ್ತದೆ. ಅಡುಗೆ ಎಣ್ಣೆಯ ಪಾಕೀಟಿನಲ್ಲಿ ಪಾಲಿಥೀನಿನ ಪದರವನ್ನು ನೈಲಾನಿನ ಪದರಕ್ಕೆ ಅಂಟಿಸಿರುವುದೂ ಇಂಥದೇ ತೆಳು ಪದರದಿಂದ. ಕಾರ್ಖಾನೆಯಲ್ಲಿ ಅದು ಸಲೀಸು: ಯಾವ ಪದರ ಯಾವುದು ಎಂದು ಗೊತ್ತು, ಎಷ್ಟು ಬೇಕೆಂದು ತೂಗಬಹುದು. ತುರ್ಭೆಯ ರಾಶಿಯಲ್ಲಿ ಏನೇನಿದೆ ಎಂದು ಯಾರಿಗೂ ಗೊತ್ತಿಲ್ಲ, ಬೆಸೆಯುವ ಸರಕು ಭಂಗಾರಿಗಿಂತ ದುಬಾರಿ. ಆದ್ದರಿಂದ ಎಣ್ಣೆ ಪಾಕೀಟು ಬಂದರೆ ಇಲ್ಲಿನ ಹೆಂಗಸರು ಗೀರಿಯೂ ನೋಡುವುದಿಲ್ಲ, ನೇರ ಕಸಕ್ಕೆ ಎಸೆಯುತ್ತಾರೆ. ಅದಕ್ಕೆ ಕಿಲೋ ಲೆಕ್ಕದ ದರವೇ ಇಲ್ಲ.

ಶಹಾಡ್‌ನಲ್ಲಿ ಬಂಧ ಕಟ್ಟಿದ ಎಳೆಗೆ ಬೆಲೆ ಬಂತು, ಡೊಂಬಿವಲಿಯಲ್ಲಿ ಬಟ್ಟೆ ಹಿಡಿದ ಬಣ್ಣಕ್ಕೆ ಬೆಲೆ ಬಂತು, ರಬಾಳೆಯಲ್ಲಿ ಪಿವಿಸಿ ಹಿಡಿದ ಎಣ್ಣೆಗೆ ಬೆಲೆ ಬಂತು. ಹಿಡಿಯದೆ ಉಳಿದದ್ದರ ಲೆಕ್ಕ ಯಾವ ಕಾರ್ಖಾನೆಯ ಖಾತೆಯಲ್ಲೂ ಮುಗಿಯುವುದಿಲ್ಲ. ಗಂಧಕ ಗಾಳಿಗೆ, ಬಣ್ಣ ನಾಲಾಕ್ಕೆ, ಬೆರೆಯದ ಪ್ಲಾಸ್ಟಿಕ್ಕು ಈ ಹೆಂಗಸರ ಕೈಗೆ ಹೋಗುತ್ತದೆ. ಪಾಕೀಟಿಗೆ ಯಾವ ಎರಡು ಪದರ ಅಂಟಿಸಬೇಕೆಂದು ತೀರ್ಮಾನಿಸುವ ಮೇಜಿನ ಮೇಲೆ, ಬಣ್ಣಕ್ಕೆ ಯಾವ ತುದಿ ಕಟ್ಟಬೇಕೆಂದು ತೀರ್ಮಾನಿಸುವ ಪ್ರಯೋಗಾಲಯದಲ್ಲಿ, ಯಾರು ಯಾರನ್ನು ಹಿಡಿಯುತ್ತಾರೆ ಎಂಬ ಪ್ರಶ್ನೆಯ ಜೊತೆಗೇ ಬಿಟ್ಟದ್ದನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆಯನ್ನೂ ಬರೆದಿಡಬೇಕು. ಈಗ ಅದಕ್ಕೆ ಉತ್ತರ ಕೊಡುತ್ತಿರುವವರು ದಿನಗೂಲಿಯವರು, ಲೈಟರು ಹಿಡಿದು.